ಜೋಳಿಗೆ ಮತ್ತು ಕಟ್ಟಳೆ: ವ್ಯಸನ ನಿವಾರಣೆಯ ಸಾಮುದಾಯಿಕ ಪ್ರಯತ್ನಗಳ ಒಂದು ಚಾರಿತ್ರಿಕ ಅವಲೋಕನ

ಕನ್ನಡದಲ್ಲಿ ‘ವ್ಯಸನ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಒಂದು ದುಃಖ, ಮತ್ತೊಂದು ಬಿಡಲಾಗದ ಚಟ. ಮಗನ ಕುಡಿತದ ಬಗ್ಗೆ ತಾಯಿ ವ್ಯಸನಪಡುತ್ತಾಳೆ ಎನ್ನುವಾಗ ಈ ಎರಡು ಅರ್ಥಗಳೂ ಒಂದೇ ಮನೆಯಲ್ಲಿ ವಾಸಿಸುತ್ತವೆ. ಸಂಸ್ಕೃತದಲ್ಲಿ ಈ ಶಬ್ದದ ಮೂಲಾರ್ಥ ಎಸೆಯುವುದು, ಚೆದರಿಸುವುದು. ಮನುಷ್ಯನನ್ನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವಂಥದ್ದು ವ್ಯಸನ. ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣವನ್ನು ಪೂರ್ತಿಯಾಗಿ ವ್ಯಸನಗಳ ವಿಚಾರಕ್ಕೇ ಮೀಸಲಿಟ್ಟಿದ್ದಾನೆ. ಅಲ್ಲಿ ಬರಗಾಲವೂ ವ್ಯಸನ, ಅರಸನ ಕುಡಿತವೂ ವ್ಯಸನ. ಜೈನ ಶ್ರಾವಕಾಚಾರಗಳು ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಗಮನಗಳನ್ನು ಸಪ್ತವ್ಯಸನಗಳೆಂದು ಎಣಿಸಿದವು. ಕ್ರಿ.ಶ. 1112ರಲ್ಲಿ ಮುಳುಗುಂದದ ನಯಸೇನನು ‘ಧರ್ಮಾಮೃತ’ವನ್ನು ತಿಳಿಗನ್ನಡದಲ್ಲಿ ಬರೆದುದು ಇಂಥ ಗೃಹಸ್ಥಧರ್ಮವನ್ನು ಪಂಡಿತರಲ್ಲದವರ ಕಿವಿಗೂ ಮುಟ್ಟಿಸಬೇಕೆಂಬ ಉದ್ದೇಶದಿಂದಲೇ.

ತರುಣರು ಮಾದಕ ಪದಾರ್ಥಗಳ ದಾಸರಾಗದಂತೆ ಸಮುದಾಯಗಳು ಮಾಡಿದ ಪ್ರಯತ್ನಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಇಪ್ಪತ್ತನೆಯ ಶತಮಾನದಿಂದ ಆರಂಭಿಸುತ್ತಾರೆ. ಮಧ್ಯಕಾಲೀನ ಸಾಹಿತ್ಯವನ್ನು ಓದಿಕೊಂಡು ಬಂದ ನಮಗೆ ಅದಕ್ಕಿಂತ ಹಿಂದಿನ ಒಂದು ಕಥೆಯಿಂದ ಆರಂಭಿಸುವುದು ಉಚಿತವೆನಿಸುತ್ತದೆ. ಪುನ್ನಾಟ ಸಂಘದ ಜಿನಸೇನನು ಕ್ರಿ.ಶ. 783ರಲ್ಲಿ ಸಂಸ್ಕೃತದಲ್ಲಿ ಹರಿವಂಶಪುರಾಣವನ್ನು ಮುಗಿಸಿದನು. ಪುನ್ನಾಟವೆಂದರೆ ಇಂದಿನ ಮೈಸೂರು ಸೀಮೆಯ ದಕ್ಷಿಣ ಭಾಗ. ಕೃತಿ ರಚನೆಯಾದದ್ದು ಮಾತ್ರ ದೂರದ ಸೌರಾಷ್ಟ್ರದಲ್ಲಿ. ಹೊರನಾಡಿಗೆ ಹೋದ ಕನ್ನಡ ನೆಲದ ಯತಿಪರಂಪರೆಯೊಂದರ ಕೃತಿ ಇದೆಂಬುದು ಈ ಪತ್ರಿಕೆಯ ಓದುಗರಿಗೆ ಆಪ್ತವಾಗಬಹುದಾದ ಸಂಗತಿ.

ಕಥೆ ಹೀಗಿದೆ. ದ್ವಾರಾವತಿಯು ಹನ್ನೆರಡು ವರ್ಷಗಳ ತರುವಾಯ ಮದ್ಯದ ನಿಮಿತ್ತದಿಂದ, ದ್ವೀಪಾಯನನೆಂಬವನ ಕೋಪದಿಂದ ಸುಟ್ಟುಹೋಗುವುದೆಂದು ನೇಮಿನಾಥ ತೀರ್ಥಂಕರನು ನುಡಿಯುತ್ತಾನೆ. ಒಡನೆಯೇ ನಗರದಲ್ಲಿ ಡಂಗುರ ಸಾರಲಾಗುತ್ತದೆ. ಇದ್ದ ಮದ್ಯವನ್ನೂ ಅದನ್ನು ತಯಾರಿಸುವ ಸಾಮಗ್ರಿಯನ್ನೂ ಊರ ಹೊರಗಿನ ಕದಂಬವನಕ್ಕೆ ಒಯ್ದು ಅಲ್ಲಿನ ಕಲ್ಲುಗುಂಡಿಗಳಲ್ಲಿ ಸುರಿದು ಬರುತ್ತಾರೆ. ರಾಜಶಾಸನ ಜಾರಿಯಾಯಿತು, ನಗರ ನಿರ್ಮಲವಾಯಿತು. ವರ್ಷಗಳು ಕಳೆಯುತ್ತವೆ. ವಿಹಾರಕ್ಕೆ ಹೋದ ಶಂಬ ಮೊದಲಾದ ಯಾದವ ಕುಮಾರರು ಬಾಯಾರಿ ಆ ಗುಂಡಿಗಳಲ್ಲಿ ನಿಂತಿದ್ದುದನ್ನು ಕುಡಿಯುತ್ತಾರೆ. ಮತ್ತೇರಿದವರು ತಪಸ್ಸಿಗೆ ಕುಳಿತಿದ್ದ ದ್ವೀಪಾಯನನನ್ನು ಕಂಡು ಕಲ್ಲೆಸೆದು ಹೊಡೆಯುತ್ತಾರೆ. ಅವನ ಕೋಪಾಗ್ನಿಗೆ ದ್ವಾರಾವತಿ ಆಹುತಿಯಾಗುತ್ತದೆ. ಕರ್ಣಪಾರ್ಯ, ಬಂಧುವರ್ಮ ಮೊದಲಾದವರು ನೇಮಿನಾಥನ ಚರಿತೆಯನ್ನು ಕನ್ನಡಕ್ಕೆ ತಂದು ಈ ವಸ್ತುವನ್ನು ನಮ್ಮದಾಗಿಸಿದರು.

ವ್ಯಾಸಭಾರತದ ಮೌಸಲಪರ್ವದಲ್ಲಿಯೂ ಇಂಥದೇ ಆಜ್ಞೆಯಿದೆ. ಮದ್ಯ ತಯಾರಿಸಿದವನನ್ನು ಬಂಧುಗಳೊಡನೆ ಶೂಲಕ್ಕೇರಿಸಲಾಗುವುದೆಂದು ಅಲ್ಲಿ ಸಾರಲಾಗುತ್ತದೆ. ಆದರೂ ಪ್ರಭಾಸತೀರ್ಥದಲ್ಲಿ ಯಾದವರು ಕುಡಿದು ತಮ್ಮತಮ್ಮೊಳಗೇ ಹೊಡೆದಾಡಿ ಸಾಯುತ್ತಾರೆ. (ಕುಮಾರವ್ಯಾಸನು ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಕನ್ನಡದಲ್ಲಿ ಈ ಭಾಗಕ್ಕೆ ತಿಮ್ಮಣ್ಣ ಕವಿಯ ಕಾಲದವರೆಗೆ ಕಾಯಬೇಕಾಯಿತು.) ಜೈನ ಮತ್ತು ವೈದಿಕ ಪರಂಪರೆಗಳೆರಡೂ ನಿಷೇಧಾಜ್ಞೆಯನ್ನು ಸ್ಮರಿಸುತ್ತವೆ, ಎರಡೂ ಅದರ ವೈಫಲ್ಯವನ್ನು ಸ್ಮರಿಸುತ್ತವೆ. ಜೈನ ಕಥೆಯಲ್ಲಿ ಮಾತ್ರ ಒಂದು ವಿಶೇಷವಿದೆ. ಅಲ್ಲಿ ಕುಡಿದವರು ತರುಣರು. ಹಿರಿಯರು ಚೆಲ್ಲಿ ಮರೆತದ್ದು ಕಿರಿಯರ ಕೈಗೆ ಸಿಕ್ಕಿತು. ಶಂಬನ ವಯಸ್ಸಿನವರಿಗೆ ಆ ಡಂಗುರದ ಕಾರಣವನ್ನು ಯಾರಾದರೂ ತಿಳಿಸಿ ಹೇಳಿದ್ದರೇ ಎಂಬ ಪ್ರಶ್ನೆಯನ್ನು ಪುರಾಣಕಾರನು ಎತ್ತುವುದಿಲ್ಲ. ಓದುವ ನಮಗೆ ಅದು ಎದುರಾಗದೆ ಇರುವುದಿಲ್ಲ.

ಇದರಿಂದ ನಮ್ಮ ಪ್ರಾಚೀನರು ಮದ್ಯವಿರೋಧಿಗಳಾಗಿದ್ದರೆಂದು ಭಾವಿಸಲಾಗದು. ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ಪಾನಗೋಷ್ಠಿಯನ್ನು ಲವಲವಿಕೆಯಿಂದ ಚಿತ್ರಿಸಿದ್ದಾನೆ. ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸವು ಮಧುಪಾನವನ್ನು ರಾಜಕ್ರೀಡೆಗಳ ಸಾಲಿನಲ್ಲಿ ಸೇರಿಸಿದೆ. ಅರಮನೆಯಲ್ಲಿ ಕ್ರೀಡೆಯಾದದ್ದು ಕೇರಿಯಲ್ಲಿ ವ್ಯಸನವಾಗುವ ಈ ದ್ವಂದ್ವ ಹೊಸದೇನಲ್ಲ.

ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನ ಪ್ರಸಂಗ ಇನ್ನೊಂದು ದಾರಿಯನ್ನು ತೋರುತ್ತದೆ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಈತನ ಕೆಲವೇ ವಚನಗಳು ಉಳಿದಿವೆ. ಹೆಂಡ ಮಾರುವುದು ಈತನ ವೃತ್ತಿಯಾಗಿತ್ತೆಂದೂ, ತನ್ನಲ್ಲಿಗೆ ಬಂದ ಗಿರಾಕಿಗಳಿಗೆ ಕುಡಿತದ ಕೇಡನ್ನು ಬೋಧಿಸುತ್ತಿದ್ದನೆಂದೂ ಪರಂಪರೆ ಹೇಳುತ್ತದೆ. ಇದನ್ನು ಚರಿತ್ರೆಯೆಂದು ಸಾಧಿಸಲು ಶಾಸನಾಧಾರವಿಲ್ಲ. ಆದರೆ ಐತಿಹ್ಯವೂ ಒಂದು ಸಮುದಾಯದ ವಿಚಾರವೇ ಆಗಿರುತ್ತದೆ. ಕುಡಿಯುವವನನ್ನು ಕಲ್ಯಾಣದಿಂದ ಹೊರಗಟ್ಟದೆ, ಅವನು ಬರುವ ಅಂಗಡಿಯಲ್ಲಿಯೇ ಕುಳಿತು ಅವನೊಡನೆ ಮಾತನಾಡುವುದು ಶರಣರ ಕಲ್ಪನೆ. ಕದಂಬವನದ ಕಲ್ಲುಗುಂಡಿಗೂ ಮಾರಯ್ಯನ ಹೆಂಡದಂಗಡಿಗೂ ಇರುವ ಅಂತರವೇ ಪ್ರಸ್ತುತ ಲೇಖನದ ವಿಷಯವೆಂದರೂ ಸಲ್ಲುತ್ತದೆ.

ಬ್ರಿಟಿಷರ ಕಾಲದಲ್ಲಿ ಅಬಕಾರಿ ಸರ್ಕಾರದ ಬೊಕ್ಕಸಕ್ಕೆ ದೊಡ್ಡ ಆದಾಯವಾಯಿತು. ಮುಂಬಯಿ ಪ್ರಾಂತದ 1878ರ ಅಬಕಾರಿ ಕಾಯಿದೆಯ ತರುವಾಯ ಭಟ್ಟಿ, ಗುತ್ತಿಗೆ, ಮರದ ತೆರಿಗೆ ಎಲ್ಲವೂ ಸರ್ಕಾರದ ಹಿಡಿತಕ್ಕೆ ಬಂದವು. ಆದ್ದರಿಂದ ಮುಂದೆ ಕುಡಿತದ ವಿರುದ್ಧ ಎತ್ತಿದ ದನಿ ಸರ್ಕಾರದ ವಿರುದ್ಧದ ದನಿಯೂ ಆಯಿತು. ಅಸಹಕಾರದ ದಿನಗಳಲ್ಲಿ, 1921ರ ಜುಲೈ 1ರಂದು, ಧಾರವಾಡದಲ್ಲಿ ಮದ್ಯದಂಗಡಿಯ ಮುಂದೆ ಪಿಕೆಟಿಂಗ್ ನಡೆದಾಗ ಪೋಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಮೂವರೂ ಖಿಲಾಫತ್ ಚಳವಳಿಗೆ ಸೇರಿದ ಮುಸಲ್ಮಾನರು. ಜಕಣಿ ಬಾವಿಯ ಬಳಿಯ ಸ್ಮಾರಕವನ್ನು ಧಾರವಾಡದವರು ಬಲ್ಲರು, ಹೊರಗಿನವರು ಅಷ್ಟಾಗಿ ಅರಿಯರು. ಕರ್ನಾಟಕ ಸರ್ಕಾರವು ಸಾರಾಯಿಯನ್ನು ನಿಷೇಧಿಸಿದ್ದು 2007ರ ಜುಲೈ 1ರಂದು. ಎಂಬತ್ತಾರು ವರ್ಷಗಳ ಬಳಿಕ ಅದೇ ದಿನಾಂಕ ಬಂದದ್ದು ಕಾಕತಾಳೀಯವಿರಬೇಕು. ಧಾರವಾಡದ ಆ ಮೂವರನ್ನು ಸ್ಮರಿಸಿ ದಿನವನ್ನು ಗೊತ್ತುಮಾಡಿದ್ದೆಂದು ನಾವು ಎಲ್ಲಿಯೂ ಓದಿಲ್ಲ.

ಅದೇ 1921ರಲ್ಲಿ ಈರೋಡಿನಲ್ಲಿ ನಡೆದ ಸೇಂದಿ ಅಂಗಡಿಗಳ ಪಿಕೆಟಿಂಗ್ ಹೊರನಾಡ ಕನ್ನಡಿಗರ ಚರಿತ್ರೆಗೂ ಸೇರತಕ್ಕದ್ದು. ಅದರ ಮುಂದಾಳು ಈ.ವೆ. ರಾಮಸಾಮಿ ನಾಯಕರ್, ಮುಂದೆ ಪೆರಿಯಾರ್ ಎಂದು ಹೆಸರಾದವರು, ಕನ್ನಡ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದವರು. ಸೇಂದಿ ಇಳಿಸಲು ಎಡೆಯಾಗಬಾರದೆಂದು ತಮ್ಮ ತೋಟದ ತೆಂಗಿನ ಮರಗಳನ್ನೇ ಅವರು ಕಡಿಸಿದರು. ಅವರ ಬಂಧನವಾದಾಗ ಪತ್ನಿ ನಾಗಮ್ಮೈ ಮತ್ತು ತಂಗಿ ಕಣ್ಣಮ್ಮಾಳ್ ಬೀದಿಗಿಳಿದು ಪಿಕೆಟಿಂಗನ್ನು ಮುಂದುವರಿಸಿದರು. ಪೆರಿಯಾರರ ಉತ್ತರಾರ್ಧದ ಜೀವನದ ಪ್ರಖರತೆಯಲ್ಲಿ ಈ ಇಬ್ಬರು ಸ್ತ್ರೀಯರ ಕಾರ್ಯ ಮಸುಕಾಗಿದೆ. ತಮಿಳು ವಿದ್ವಾಂಸರು ಅವರನ್ನು ಮರೆತಿಲ್ಲ. ಕನ್ನಡದಲ್ಲಿ ಅವರ ಬಗ್ಗೆ ಬರವಣಿಗೆ ತೀರ ವಿರಳ.

ಮರ ಕಡಿಯುವ ಸತ್ಯಾಗ್ರಹ ಮೈಸೂರು ಸಂಸ್ಥಾನದಲ್ಲಿಯೂ ನಡೆಯಿತು. 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದವರ ಮುಂದಾಳುಗಳಲ್ಲಿ ಎಸ್. ನಿಜಲಿಂಗಪ್ಪನವರೂ ಒಬ್ಬರು. ಸ್ವಾತಂತ್ರ್ಯಾನಂತರ ಪಾನನಿಷೇಧವು ಸಂವಿಧಾನದ 47ನೆಯ ವಿಧಿಯಲ್ಲಿ ನಿರ್ದೇಶಕ ತತ್ತ್ವವಾಗಿ ಸೇರಿತು. ಮುಂಬಯಿ, ಮದರಾಸು ಪ್ರಾಂತಗಳ ಕನ್ನಡ ಜಿಲ್ಲೆಗಳಲ್ಲಿ ಕಾಯಿದೆ ಬಂದಿತು. 1967ರಲ್ಲಿ ಮೈಸೂರು ರಾಜ್ಯದಲ್ಲಿ ಪಾನನಿಷೇಧ ತೆರವಾದಾಗ ಮುಖ್ಯಮಂತ್ರಿಗಳಾಗಿದ್ದವರು ಅದೇ ನಿಜಲಿಂಗಪ್ಪನವರು. ಇದನ್ನು ವ್ಯಂಗ್ಯವೆಂದು ತಳ್ಳಿಬಿಡುವುದು ಸುಲಭ. ಅಬಕಾರಿ ಆದಾಯವಿಲ್ಲದೆ ಸರ್ಕಾರ ನಡೆಸುವುದು ಎಷ್ಟು ಕಷ್ಟವೆಂಬುದನ್ನು ಅವರ ಹಿಂದಿನವರೂ ಮುಂದಿನವರೂ ಕಂಡುಂಡವರೇ.

ಇಲ್ಲಿಂದ ಮುಂದೆ ನಮ್ಮ ಗಮನ ಇಳಕಲ್ಲಿನ ಕಡೆಗೆ ಹರಿಯಬೇಕು. ಸೀರೆಗೆ ಹೆಸರಾದ ಈ ನೇಕಾರರ ಊರಿನ ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನಮಠದ ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಆರಂಭಿಸಿದರು. ಜಂಗಮರು ಜೋಳಿಗೆ ಹಿಡಿದು ಭಿಕ್ಷೆಗೆ ಹೊರಡುವುದು ಹಳೆಯ ರೂಢಿ. ಜೋಳಿಗೆಗೆ ಬೀಳುವುದು ಜೋಳ, ಅಕ್ಕಿ, ಕಾಸು. ಸ್ವಾಮಿಗಳು ಕೇಳಿದ್ದು ಇವಾವುದನ್ನೂ ಅಲ್ಲ. ಓಣಿಗಳಲ್ಲಿ, ದಲಿತರ ಕೇರಿಗಳಲ್ಲಿ ನಡೆದು, ನಿಮ್ಮ ದುಶ್ಚಟಗಳನ್ನು ನನ್ನ ಜೋಳಿಗೆಗೆ ಹಾಕಿ ಎಂದು ಬೇಡಿದರು. ಜನರು ಬೀಡಿ ಕಟ್ಟು, ಸಿಗರೇಟು, ತಂಬಾಕಿನ ಚೀಟಿ, ಸಾರಾಯಿ ಸೀಸೆ, ಮುಂದಿನ ದಿನಗಳಲ್ಲಿ ಗುಟ್ಕಾ ಪೊಟ್ಟಣಗಳನ್ನು ಅದರೊಳಗೆ ಹಾಕಿ, ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು. ಸ್ವಾಮಿಗಳು 2018ರ ಮೇ ತಿಂಗಳಿನಲ್ಲಿ ಲಿಂಗೈಕ್ಯರಾಗುವವರೆಗೂ ಈ ಕಾರ್ಯ ನಿಲ್ಲಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ.

ಜೋಳಿಗೆಯ ಅರ್ಥವನ್ನು ಸ್ವಲ್ಪ ವಿವೇಚಿಸಬೇಕು. ಭಿಕ್ಷೆಯಲ್ಲಿ ಕೊಡುವವನು ಮೇಲು, ಬೇಡುವವನು ಕೆಳಗು. ಕುಡುಕನಿಗೆ ಸಮಾಜದಲ್ಲಿ ಕೊಡುವವನ ಸ್ಥಾನ ಎಂದೂ ದೊರೆಯದು. ಅವನು ಸಾಲ ಕೇಳುವವನು, ಬೈಗುಳ ತಿನ್ನುವವನು. ಜಗದ್ಗುರುವೆನಿಸಿಕೊಂಡವರು ಅವನ ಬಾಗಿಲಲ್ಲಿ ಜೋಳಿಗೆ ಚಾಚಿ ನಿಂತಾಗ ಅವನು ದಾನಿಯಾಗುತ್ತಾನೆ. ಉಪದೇಶಕ್ಕೆ ಇಲ್ಲದ ಬಲ ಈ ಸ್ಥಾನಪಲ್ಲಟಕ್ಕೆ ಇತ್ತು. ಮತ್ತೊಂದು ಅಂಶ: ಕೊಟ್ಟದ್ದನ್ನು ಮರಳಿ ಕೇಳಬಾರದೆಂಬುದು ನಮ್ಮ ಹಳ್ಳಿಗಳಲ್ಲಿ ಬೇರೂರಿದ ನಂಬಿಕೆ. ಜೋಳಿಗೆಗೆ ಹಾಕಿದ ಚಟವನ್ನು ಹಿಂದಕ್ಕೆ ಪಡೆಯುವುದು ದಾನಾಪಹಾರವಾಗುತ್ತದೆ. ಇಂದಿನ ಮನೋವೈದ್ಯರು ಯಾವುದನ್ನು ಸಾರ್ವಜನಿಕ ಸಂಕಲ್ಪವೆನ್ನುತ್ತಾರೋ ಅದಕ್ಕೆ ಇಲ್ಲಿ ಧಾರ್ಮಿಕ ಪಾವಿತ್ರ್ಯದ ಬೇಲಿಯೂ ಇತ್ತು. ಹೀಗೆ ಬಿಟ್ಟವರಲ್ಲಿ ಎಷ್ಟು ಜನ ಮತ್ತೆ ಹಿಡಿದರು ಎಂಬ ಪ್ರಶ್ನೆ ನ್ಯಾಯವಾದದ್ದು. ವ್ಯಸನವು ಮರುಕಳಿಸುವ ಸ್ವಭಾವದ ರೋಗವೆಂದು ವೈದ್ಯಶಾಸ್ತ್ರ ಒಪ್ಪಿದೆ. ಮಾತು ತಪ್ಪಿದವನಿಗೆ ಜೋಳಿಗೆಯ ಬೇಲಿಯೇ ಪಾಪಪ್ರಜ್ಞೆಯ ಗೋಡೆಯಾಗುವ ಅಪಾಯವೂ ಇದೆ. ಭಕ್ತಿಯಿಂದ ಬರೆದ ಲೇಖನಗಳಲ್ಲಿ ಈ ವಿಚಾರ ಬರುವುದಿಲ್ಲವೆಂಬ ಕಾರಣದಿಂದ ನಾವು ಇಲ್ಲಿ ದಾಖಲಿಸುತ್ತಿದ್ದೇವೆ.

ಪಾಪಪ್ರಜ್ಞೆಯ ಈ ತೊಡಕಿಗೆ ಬೇರೊಂದು ಉತ್ತರ ಪುಣೆಯಲ್ಲಿ ದೊರೆಯಿತು. ಎಂಬತ್ತರ ದಶಕದಲ್ಲಿ ಮುಂಬಯಿ, ಪುಣೆಗಳ ತರುಣರಲ್ಲಿ ‘ಗರ್ದ’ ಎಂದು ಕರೆಯುವ ಬ್ರೌನ್ ಶುಗರ್ ಹರಡಿದಾಗ ಅನಿಲ ಅವಚಟರು ಅದರ ಮೇಲೆ ಮರಾಠಿಯಲ್ಲಿ ಲೇಖನಮಾಲೆ ಬರೆದರು. ಅವರೂ, ಮನೋವೈದ್ಯೆಯಾಗಿದ್ದ ಪತ್ನಿ ಸುನಂದಾ ಅವರೂ ಪು.ಲ. ದೇಶಪಾಂಡೆ ದಂಪತಿಗಳ ನೆರವಿನಿಂದ 1986ರ ಆಗಸ್ಟ್ 29ರಂದು ಯೇರವಡಾ ಮನೋರುಗ್ಣಾಲಯದ ಆವರಣದಲ್ಲಿ ‘ಮುಕ್ತಾಂಗಣ’ವನ್ನು ತೆರೆದರು. ಅಲ್ಲಿ ವ್ಯಸನಿಯು ಪಾಪಿಯಲ್ಲ, ರೋಗಿ. ವ್ಯಸನದಿಂದ ಹೊರಬಂದವರೇ ಮುಂದಿನವರಿಗೆ ಆಸರೆಯಾಗುತ್ತಾರೆ. ಮದರಾಸಿನಲ್ಲಿ ಶಾಂತಿ ರಂಗನಾಥನ್ ಅವರು ಕುಡಿತದಿಂದ ತೀರಿಕೊಂಡ ಪತಿಯ ಹೆಸರಿನಲ್ಲಿ 1980ರಲ್ಲಿಯೇ ಇಂಥ ಕಾರ್ಯಕ್ಕೆ ತೊಡಗಿದ್ದರು. ಈ ಎರಡೂ ಪ್ರಯತ್ನಗಳ ಮೂಲದಲ್ಲಿ ಸರ್ಕಾರಿ ಆಜ್ಞೆಯಿಲ್ಲ. ಪುಣೆಯಲ್ಲಿ ಒಂದು ಲೇಖನಮಾಲೆಯಿದೆ, ಮದರಾಸಿನಲ್ಲಿ ಒಂದು ಮನೆಯ ದುಃಖವಿದೆ.

ಅಕ್ಷರದ ಬಲವನ್ನು ಇನ್ನೂ ವಿಸ್ಮಯಕರವಾಗಿ ತೋರಿದ್ದು ನೆಲ್ಲೂರು ಜಿಲ್ಲೆಯ ದೂಬಗುಂಟ. ಸಾಕ್ಷರತಾ ಆಂದೋಲನದ ವಾಚಿಕೆಯಲ್ಲಿ ಸೀತಮ್ಮನೆಂಬವಳ ಕಥೆಯ ಪಾಠವಿತ್ತು. ಅದನ್ನು ಓದಲು ಕಲಿತ ಹೆಂಗಸರು 1990ರ ದಶಕದ ಆರಂಭದಲ್ಲಿ ತಮ್ಮೂರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಅದು ಆಂಧ್ರದ ಉದ್ದಗಲಕ್ಕೂ ಹಬ್ಬಿ 1993ರ ಅಕ್ಟೋಬರಿನಲ್ಲಿ ಸಾರಾಯಿ ನಿಷೇಧಕ್ಕೂ, 1995ರಲ್ಲಿ ಸಂಪೂರ್ಣ ಪಾನನಿಷೇಧಕ್ಕೂ ಕಾರಣವಾಯಿತು. 1997ರಲ್ಲಿ ಸಂಪೂರ್ಣ ನಿಷೇಧ ಹಿಂತೆಗೆಯಲ್ಪಟ್ಟಿತು. ಹೈದರಾಬಾದಿನ ಕನ್ನಡಿಗರು ಇದನ್ನೆಲ್ಲ ಕಣ್ಣಾರೆ ಕಂಡವರಾದ್ದರಿಂದ ವಿಸ್ತರಿಸುವ ಅಗತ್ಯವಿಲ್ಲ.

ಕೊನೆಯದಾಗಿ, ವ್ಯಸನ ನಿವಾರಣೆಯೆಂಬ ಹೆಸರನ್ನೇ ಹೊತ್ತಿರದ ಒಂದು ಪ್ರಯತ್ನವನ್ನು ಪ್ರಸ್ತಾಪಿಸಬೇಕು. ನಮ್ಮ ದೃಷ್ಟಿಯಲ್ಲಿ ಹೊರನಾಡ ಕನ್ನಡಿಗರ ಮಟ್ಟಿಗೆ ಇದೇ ಅತ್ಯಂತ ಮಹತ್ತ್ವದ್ದು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಮಾತು ಇದು. ಅವಿಭಜಿತ ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡು ವಯಸ್ಸಿನ ಹುಡುಗರು ಹೊಟೇಲು, ಕ್ಯಾಂಟೀನುಗಳ ಕೆಲಸಕ್ಕೆ ಮುಂಬಯಿಗೆ ಬರುತ್ತಿದ್ದ ಕಾಲವೊಂದಿತ್ತು. ದುಡಿಯುವುದೂ ಅಲ್ಲಿಯೇ, ಮಲಗುವುದೂ ಅಲ್ಲಿಯೇ. ಹೆತ್ತವರು ಊರಿನಲ್ಲಿ. ಕೈಯಲ್ಲಿ ಅಷ್ಟಿಷ್ಟು ಕಾಸು, ಸುತ್ತ ಮಹಾನಗರ. ಮುಂಬಯಿ ನಗರಕ್ಕೆ ಪಾನನಿಷೇಧ ಬಂದದ್ದು 1939ರ ಆಗಸ್ಟ್ 1ರಂದು, ಆರೋಗ್ಯ ಮತ್ತು ಅಬಕಾರಿ ಸಚಿವ ಡಾ. ಗಿಲ್ಡರ್ ಅವರ ಮುತುವರ್ಜಿಯಿಂದ. 1949ರಲ್ಲಿ ಬಿಗಿಯಾದ ಕಾಯಿದೆಯೂ ಆಯಿತು. ಆದರೆ ಕಳ್ಳಭಟ್ಟಿಯ ಅಡ್ಡೆಗಳು ಬೆಳೆದುವಲ್ಲದೆ ಕುಡಿತ ನಿಲ್ಲಲಿಲ್ಲ. ಅಡ್ಡೆಗೆ ಸರಕು ಸಾಗಿಸಲು ಬಡ ಹುಡುಗರೇ ಬೇಕಾಗುತ್ತಿತ್ತು. ಕದಂಬವನದ ಕಲ್ಲುಗುಂಡಿ ಈಗ ಕೊಳೆಗೇರಿಗಳ ನಡುವಿಗೆ ಬಂದಿತ್ತು ಎನ್ನಬಹುದು.

ಇಂಥ ಪರಿಸರದಲ್ಲಿ ಸಂಜೆಯ ಬಳಿಕದ ಎರಡು ಮೂರು ಗಂಟೆಗಳಿಗೆ ಹುಡುಗರನ್ನು ಕರೆದು ಕೂರಿಸಿದ್ದು ರಾತ್ರಿ ಶಾಲೆ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಇಂಥ ಶಾಲೆಯನ್ನು ನಡೆಸಿದ ಸಂಸ್ಥೆಗಳಲ್ಲೊಂದು. ಬಿಲ್ಲವರ ಸಂಘಟನೆ ತನ್ನ ರಾತ್ರಿ ಪ್ರೌಢಶಾಲೆಗೆ ನಾರಾಯಣಗುರುಗಳ ಹೆಸರಿಟ್ಟಿತು. ಈ ಹೆಸರಿನ ಔಚಿತ್ಯ ಗಮನಿಸತಕ್ಕದ್ದು. ತುಳುನಾಡಿನಲ್ಲಿ ಮರದಿಂದ ಕಳ್ಳು ಇಳಿಸುವ ಮೂರ್ತೆ ಕೆಲಸ ಬಿಲ್ಲವರ ಕುಲವೃತ್ತಿಗಳಲ್ಲಿ ಒಂದಾಗಿತ್ತು. ಕೇರಳದ ಈಳವರದೂ ಅದೇ ವೃತ್ತಿ. ಅದೇ ಈಳವರಲ್ಲಿ ಹುಟ್ಟಿದ ಗುರುಗಳು, ಮದ್ಯ ವಿಷವೆಂದೂ ಅದನ್ನು ಮಾಡಬಾರದು, ಕೊಡಬಾರದು, ಕುಡಿಯಬಾರದೆಂದೂ ಬೋಧಿಸಿದರು. 1912ರಲ್ಲಿ ಅವರೇ ಪ್ರತಿಷ್ಠಾಪಿಸಿದ ಕುದ್ರೋಳಿಯ ಗೋಕರ್ಣನಾಥನ ಭಕ್ತರಿಗೆ ಇದು ಒಂದು ಕುಟುಂಬದ ಅನ್ನದ ಪ್ರಶ್ನೆಯೂ ಆಗಿತ್ತು. ವೃತ್ತಿಯನ್ನು ಬಿಡು ಎಂದು ಹೇಳುವುದಕ್ಕೆ ಬೇರೆ ವೃತ್ತಿಯ ದಾರಿ ತೋರಿಸಬೇಕಲ್ಲವೆ? ಮುಂಬಯಿಯ ಹೊಟೇಲು ಒಂದು ದಾರಿಯಾಯಿತು. ರಾತ್ರಿ ಶಾಲೆ ಅಲ್ಲಿಂದ ಮುಂದಿನ ದಾರಿಯಾಯಿತು. ತಟ್ಟೆ ತೊಳೆಯುತ್ತಿದ್ದವರು ಮೆಟ್ರಿಕ್ಯುಲೇಶನ್ ಮುಗಿಸಿ ಬ್ಯಾಂಕು, ರೈಲ್ವೆ, ವಕೀಲಿ ವೃತ್ತಿಗಳಿಗೆ ಹೋದರು. ಶಾಲೆಯ ಜೊತೆಗೆ ಭಜನಾ ಮಂಡಳಿ, ಶನೀಶ್ವರ ಗ್ರಂಥ ಪಾರಾಯಣ, ತಾಳಮದ್ದಳೆ, ನಾಟಕ ಇವೂ ಇದ್ದವು. ಬಿಡುವಿನ ದಿನದ ರಾತ್ರಿಯನ್ನು ಎಲ್ಲಿ ಕಳೆಯಬೇಕೆಂಬ ಪ್ರಶ್ನೆಗೆ ಇವೆಲ್ಲ ಉತ್ತರಗಳು.

ಈ ಶಾಲೆಗಳ ಚರಿತ್ರೆಯನ್ನು ಶಿಕ್ಷಣದ ಚರಿತ್ರೆಯಾಗಿ, ಭಾಷಾಭಿಮಾನದ ಚರಿತ್ರೆಯಾಗಿ ಬರೆಯಲಾಗಿದೆ. ಅವು ತರುಣರನ್ನು ವ್ಯಸನದಿಂದ ಕಾಯ್ದವು ಎಂಬ ನಮ್ಮ ಮಾತು ಒಂದು ಊಹೆ, ಆದರೆ ನಿರಾಧಾರವಾದ ಊಹೆಯಲ್ಲ. ರಾತ್ರಿ ಶಾಲೆಯಲ್ಲಿ ಕಲಿತ ಹಿರಿಯರು ತಮ್ಮ ನೆನಪುಗಳಲ್ಲಿ ಪಾಠಕ್ಕಿಂತ ಮಿಗಿಲಾಗಿ ಮಾಸ್ತರರನ್ನು ನೆನೆಯುತ್ತಾರೆ. ಎರಡು ದಿನ ತರಗತಿಗೆ ಬಾರದ ಹುಡುಗನನ್ನು ಹುಡುಕಿಕೊಂಡು ಹೊಟೇಲಿಗೇ ಬರುವ ಮಾಸ್ತರರು ಆ ನೆನಪುಗಳಲ್ಲಿದ್ದಾರೆ. ಹೆಂಡದ ಮಾರಯ್ಯನ ಐತಿಹ್ಯದಲ್ಲಿ ನಾವು ಕಂಡದ್ದು ಇದೇ ಗುಣ.

ಹೊಟೇಲು ಉದ್ಯಮದ ಸ್ವರೂಪ ಬದಲಾದಂತೆ, ಊರಿನಲ್ಲಿಯೇ ಶಿಕ್ಷಣ ಸುಲಭವಾದಂತೆ, 1986ರ ಬಾಲಕಾರ್ಮಿಕ ಕಾಯಿದೆಯ ತರುವಾಯ, ರಾತ್ರಿ ಶಾಲೆಗಳು ಕ್ಷೀಣಿಸಿದವು. ಹುಡುಗರು ತಟ್ಟೆ ತೊಳೆಯಲು ಬರುವುದು ನಿಂತದ್ದಕ್ಕೆ ಯಾರೂ ವ್ಯಸನಪಡಬೇಕಾಗಿಲ್ಲ. ಆದರೆ ಆ ಸ್ಥಾನವನ್ನು ಮತ್ತಾವುದು ತುಂಬಿತೆಂಬುದು ವಿಚಾರಾರ್ಹ. ಈಗಿನ ನಗರವಾಸಿ ಕನ್ನಡ ಕುಟುಂಬಗಳ ಮೂರನೆಯ ತಲೆಮಾರು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಕೇಳಿಸಿಕೊಂಡು ಹಿಂದಿ, ಇಂಗ್ಲಿಷುಗಳಲ್ಲಿ ಉತ್ತರಿಸುತ್ತದೆ. ಸಂಘಗಳ ಸಭೆಗಳಲ್ಲಿ ಕಾಣುವುದು ನರೆತ ತಲೆಗಳೇ. ಏಮ್ಸ್ ಸಂಸ್ಥೆಯ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ಹತ್ತರಿಂದ ಎಪ್ಪತ್ತೈದರ ವಯೋಮಾನದವರಲ್ಲಿ ಶೇಕಡಾ 14.6ರಷ್ಟು ಜನ, ಎಂದರೆ ಸುಮಾರು 16 ಕೋಟಿ, ಮದ್ಯ ಸೇವಿಸುವವರೆಂದು ತಿಳಿಸಿತು. ಮೂಸುವ ದ್ರಾವಣಗಳ ವಿಷಯದಲ್ಲಿ ಮಾತ್ರ ವಯಸ್ಕರ ಪ್ರಮಾಣ ಶೇಕಡಾ 0.58 ಇದ್ದರೆ, ಹತ್ತರಿಂದ ಹದಿನೇಳರ ಮಕ್ಕಳದು 1.17. ಸಮೀಕ್ಷೆಯಲ್ಲಿ ಮಕ್ಕಳು ಹಿರಿಯರನ್ನು ಮೀರಿಸಿದ ಬಾಬು ಇದೊಂದೇ. ಅಂಟು, ವೈಟ್‌ನರ್, ಪೆಟ್ರೋಲು ಯಾವ ಅಬಕಾರಿ ಕಾಯಿದೆಗೂ ಒಳಪಡದ ಸರಕುಗಳು. 1985ರ ಮಾದಕದ್ರವ್ಯ ಕಾಯಿದೆಯಾಗಲಿ 2020ರ ನಶಾಮುಕ್ತ ಭಾರತ ಅಭಿಯಾನವಾಗಲಿ ಪ್ರತಿಯೊಂದು ಸ್ಟೇಷನರಿ ಅಂಗಡಿಯ ಮುಂದೆ ಕಾವಲು ನಿಲ್ಲಲಾರದು.

ರಾತ್ರಿ ಶಾಲೆಗಳ ಹಾಜರಿ ಪುಸ್ತಕಗಳು, ಸಂಘಗಳ ನಡಾವಳಿಗಳು, ವಾರ್ಷಿಕ ವರದಿಗಳು, ಸ್ಮರಣ ಸಂಚಿಕೆಗಳು ಇನ್ನೂ ಕೆಲವು ಕಪಾಟುಗಳಲ್ಲಿ ಉಳಿದಿವೆ. ಹಳೆಯ ಕಟ್ಟಡಗಳು ನೆಲಸಮವಾಗಿ ಹೊಸವು ಏಳುತ್ತಿರುವ ಮುಂಬಯಿಯಲ್ಲಿ ಇವು ಎಷ್ಟು ಕಾಲ ಉಳಿದಾವೆಂದು ಹೇಳಲಾಗದು. ಆ ಶಾಲೆಗಳಲ್ಲಿ ಕಲಿತವರಲ್ಲಿ ಅನೇಕರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಸಂಶೋಧನೆಗೆ ವಿಷಯ ಹುಡುಕುತ್ತಿರುವ ನಮ್ಮ ವಿದ್ಯಾರ್ಥಿಗಳು ಧ್ವನಿಮುದ್ರಣ ಯಂತ್ರವನ್ನು ಹಿಡಿದು ಮೊದಲು ಅವರ ಮನೆಗಳಿಗೆ ಹೋಗುವುದು ಒಳ್ಳೆಯದು. ಕಪಾಟುಗಳ ಕೀಲಿಕೈ ಯಾರಲ್ಲಿದೆಯೆಂಬುದೂ ಅವರಿಂದಲೇ ತಿಳಿಯಬೇಕು.